ಜೂನ್ ಒಂದರಂದು ಹುಟ್ಟಿದವರು

ಕೋವಿಡ್ ಎರಡನೇ ಅಲೆ ಇಳಿದ ಮರುವರ್ಷದ ಮಾತು. ಚಳ್ಳಕೆರೆಯಲ್ಲಿ ನಾನು ಫಿಸಿಯೋಥೆರಪಿ ಕ್ಲಿನಿಕ್ ತೆರೆದು ಆಗ ಹದಿನಾರು ವರ್ಷವಾಗಿತ್ತು. ಕ್ಲಿನಿಕ್ ಎಂದರೆ ಎಣ್ಣೆ ಮಿಲ್ಲಿನ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆ, ಮೂರು ಮಂಚ, ಒಂದು ವೈಫೈ ಮತ್ತು ನನ್ನ ಜೋರು ಬಾಯಿ. ಪರಶುರಾಂಪುರದ ಕಡೆಯಿಂದ ಕುರಿ ಕಾಯುವವರು ಮಂಡಿ ನೋವು ತರುತ್ತಿದ್ದರು, ಟ್ರ್ಯಾಕ್ಟರ್ ಓಡಿಸುವವರು ಸೊಂಟ ತರುತ್ತಿದ್ದರು, ಮೊಳಕಾಲ್ಮೂರಿನ ನೇಕಾರರು ಕುತ್ತಿಗೆ, ಹೆಗಲು. ಹೇಳಿದ ವ್ಯಾಯಾಮ ಮಾಡದೆ ಬಂದವರಿಗೆ ಬೈಗುಳ ಗ್ಯಾರಂಟಿ. "ನಸ್ರೀನ್ ಡಾಕ್ಟ್ರಮ್ಮ ಕೈ ಮೆತ್ತಗೆ, ಬಾಯಿ ಗಟ್ಟಿ" ಎಂದು ಊರಲ್ಲಿ ಹೇಳುತ್ತಿದ್ದರು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ.

ಆ ವರ್ಷ ನಮ್ಮ ಕ್ಲಿನಿಕ್ಕಿಗೆ ಒಂದು ಹೊಸ ಸಾಮಾನು ಬಂದಿತ್ತು. ತಂದವನು ನನ್ನ ತಮ್ಮ ಇಮ್ರಾನ್. ಅವನದು ಬೈಪಾಸ್ ಹತ್ತಿರ ಟ್ರ್ಯಾಕ್ಟರ್ ಗ್ಯಾರೇಜು. ಮೂವತ್ತಾರು ವರ್ಷ, ಎರಡು ಮಕ್ಕಳ ತಂದೆ, ಆದರೂ ಗೇಮ್ ಆಡುವ ಹುಚ್ಚು ಬಿಟ್ಟಿರಲಿಲ್ಲ. ಅದರಲ್ಲೂ ವಿಆರ್, ಅಂದರೆ ವರ್ಚುವಲ್ ರಿಯಾಲಿಟಿ. ಕಣ್ಣು ಪೂರ್ತಿ ಮುಚ್ಚುವಂಥ ಒಂದು ಡಬ್ಬಿಯನ್ನು ತಲೆಗೆ ಕಟ್ಟಿಕೊಂಡರೆ ಸುತ್ತಲೂ ಬೇರೆಯೇ ಒಂದು ಜಾಗ ಕಾಣುತ್ತದೆ. ಎರಡು ಕೈಯಲ್ಲೂ ಒಂದೊಂದು ಕಂಟ್ರೋಲರ್ ಹಿಡಿದರೆ ಅವು ಆ ಜಾಗದಲ್ಲಿ ನಮ್ಮ ಕೈಗಳಾಗುತ್ತವೆ. ಆ ಡಬ್ಬಿಗೆ ಹೆಡ್‌ಸೆಟ್ ಎನ್ನುತ್ತಾರೆ.

ಈ ಹೆಡ್‌ಸೆಟ್ ಮಾಡುತ್ತಿದ್ದದ್ದು ಹೊರದೇಶದ ಒಂದು ಪುಟ್ಟ ಸ್ಟಾರ್ಟಪ್. ಅಲ್ಲಿದ್ದವರೆಲ್ಲ ಸೇರಿ ಒಂಬತ್ತು ಜನ. ಅವರ ಆಟಗಳಲ್ಲಿ ಎಲ್ಲಿ ದೋಷವಿದೆ ಎಂದು ಹುಡುಕಿ ಬರೆದು ಕಳಿಸುವ ಆಟಗಾರರ ಗುಂಪಿನಲ್ಲಿ ಇಮ್ರಾನ್ ಮೊದಲಿನಿಂದಲೂ ಇದ್ದ. ಗೇರ್‌ಬಾಕ್ಸಿನ ಸದ್ದು ಕೇಳಿಯೇ ರೋಗ ಹೇಳುವವನಿಗೆ ಅದು ಕಷ್ಟದ ಕೆಲಸವಲ್ಲ. ತನ್ನ ಅಕ್ಕ ಲಕ್ವ ಹೊಡೆದವರಿಗೆ ವ್ಯಾಯಾಮ ಮಾಡಿಸುತ್ತಾಳೆ ಎಂದು ಅವನು ಒಮ್ಮೆ ಬರೆದದ್ದಕ್ಕೆ, ಆ ಒಂಬತ್ತು ಜನ ಒಂದು ಹಳೆಯ ಸೆಟ್ಟನ್ನು ಪೋಸ್ಟಿನಲ್ಲಿ ಕಳಿಸಿಬಿಟ್ಟರು. ಚೆಂಡು ಎಸೆದು ಹಿಡಿಯುವ ಒಂದು ಆಟವನ್ನು ಕುಳಿತೇ ಆಡುವ ಹಾಗೆ, ನಡುಗುವ ಕೈಗೂ ಚೆಂಡು ಸಿಗುವ ಹಾಗೆ ತಿದ್ದಿಯೂ ಕೊಟ್ಟರು. ಕಂಪನಿಯವರಲ್ಲಿ ಇಂಥ ಮನುಷ್ಯರೂ ಇರುತ್ತಾರೆಯೇ ಎಂದು ನನಗೆ ಆಶ್ಚರ್ಯವಾಗಿತ್ತು.

ಪೆನ್ನಪ್ಪನವರು ಬಂದದ್ದು ಆಗ. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಕಾರರು, ವಯಸ್ಸು ಐವತ್ತರ ಮೇಲೆ. ಲಕ್ವ ಹೊಡೆದು ಆರು ವಾರವಾಗಿತ್ತು. ಕಾಲು ಚೇತರಿಸಿಕೊಂಡಿತ್ತು, ಬಲಗೈ ಮಾತ್ರ ಮೊಣಕೈಯಿಂದ ಕೆಳಗೆ ಸತ್ತಂತೆ ತೂಗುತ್ತಿತ್ತು. ಜೊತೆಗೆ ಹೆಂಡತಿ ಸುಂಕಮ್ಮ. ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಬರುತ್ತಿದ್ದರು. ತಮ್ಮಲ್ಲಿ ತೆಲುಗು, ನನ್ನ ಜೊತೆ ಕನ್ನಡ.

ಲಕ್ವದಲ್ಲಿ ಮೊದಲ ಕೆಲವು ತಿಂಗಳು ಬಹಳ ಮುಖ್ಯ. ಮೆದುಳಿನಲ್ಲಿ ಕೈ ನಡೆಸುವ ಜಾಗ ಹಾಳಾದಾಗ ಪಕ್ಕದ ಜಾಗ ಆ ಕೆಲಸವನ್ನು ಕಲಿಯುತ್ತದೆ. ಇದಕ್ಕೆ ನ್ಯೂರೋಪ್ಲಾಸ್ಟಿಸಿಟಿ ಎನ್ನುತ್ತೇವೆ. ಕಲಿಯಬೇಕಾದರೆ ಒಂದೇ ಚಲನೆಯನ್ನು ನೂರಾರು ಸಲ, ಬಿಡದೆ ಮಾಡಬೇಕು. ಆ ತಿಂಗಳುಗಳು ಕಳೆದ ಮೇಲೆ ಕಲಿಕೆ ನಿಲ್ಲುವುದಿಲ್ಲ, ಆದರೆ ತುಂಬಾ ನಿಧಾನವಾಗುತ್ತದೆ. ಇದನ್ನು ನಾನು ಗಂಡ ಹೆಂಡತಿ ಇಬ್ಬರಿಗೂ ಮೊದಲ ದಿನವೇ ಹೇಳಿದ್ದೆ.

ಆದರೆ ಪೆನ್ನಪ್ಪನವರಿಗೆ ನನ್ನ ವ್ಯಾಯಾಮಗಳು ಹಿಡಿಸಲಿಲ್ಲ. ಜೇಡಿಮಣ್ಣು ಹಿಸುಕಲು ಕೊಟ್ಟರೆ, "ನಾನೇನು ಗಣಪ್ಪನ್ನ ಮಾಡಾಕ್ ಬಂದೀನಾ ಡಾಕ್ಟ್ರಮ್ಮ?" ಎಂದು ಪಕ್ಕಕ್ಕೆ ಸರಿಸಿದರು. ಹೆಡ್‌ಸೆಟ್ ಹಾಕಿ ಚೆಂಡಿನಾಟ ಕೊಟ್ಟೆ. ಕಂಟ್ರೋಲರನ್ನು ಬೆಲ್ಟಿನಿಂದ ಅಂಗೈಗೆ ಕಟ್ಟಿದ್ದೆ. ಐದು ನಿಮಿಷ ಆಡಿ ನಿಲ್ಲಿಸಿದರು.

"ಎದುರಿಗೆ ಯಾರೂ ಇಲ್ವಲ್ರಿ. ಗೋಡೆ ವಾಪಸ್ ಕೊಡ್ತೈತೆ. ಗೋಡೆ ಜೊತೆ ಕೆಲ್ಸ ಮಾಡಿ ಗೊತ್ತಿಲ್ಲ ನಂಗೆ."

ಸುಂಕಮ್ಮ ಬಿಡಿಸಿ ಹೇಳಿದರು. ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣ ಇರುವ ಸೀರೆಗೆ ಮೂರು ಲಾಳಿ ಬೇಕು, ನೇಯಲು ಇಬ್ಬರು ಬೇಕು. ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂರುವವನು ನೇಕಾರ. ಪಕ್ಕದಲ್ಲಿ ಕೂತು ಅಂಚಿನ ಲಾಳಿ ಎಸೆಯುವವರು ಸಹಾಯಕ್ಕೆ. ಅವರ ಮನೆಯಲ್ಲಿ ಮೂವತ್ತು ವರ್ಷದಿಂದ ಗುಂಡಿಯಲ್ಲಿ ಪೆನ್ನಪ್ಪ, ಪಕ್ಕದಲ್ಲಿ ಸುಂಕಮ್ಮ. ಲಾಳಿ ಬಿಡುವಾಗ ಪೆನ್ನಪ್ಪ ತೆಲುಗಿನಲ್ಲಿ "ಇದಿಗೋ", ಅಂದರೆ ಇಗೋ, ಎನ್ನುತ್ತಿದ್ದರು, ಆ ಸದ್ದಿಗೆ ಸುಂಕಮ್ಮನ ಕೈ ಓಡುತ್ತಿತ್ತು. "ಇವ್ರ ಕೈ ಬಿದ್ದ ದಿನದಿಂದ ನನ್ ಕೈಯೂ ಸುಮ್ಕೆ ಕುಂತೈತೆ ತಾಯಿ" ಎಂದರು.

ಎದುರಿಗೆ ಒಬ್ಬರು ಬೇಕು, ಸರಿ. ಇಮ್ರಾನ್ ತನ್ನ ಗ್ಯಾರೇಜಿನಲ್ಲಿ ತನ್ನ ಸೆಟ್ ಹಾಕಿಕೊಂಡ. ಇಬ್ಬರ ನಡುವೆ ಮೂರು ಕಿಲೋಮೀಟರ್ ದಾರಿ ಇದ್ದರೂ ಆಟದೊಳಗೆ ಎದುರುಬದುರು. ಮಧ್ಯಾಹ್ನ ಮೂರಕ್ಕೆ ಶುರು. ಪೆನ್ನಪ್ಪ "ಇದಿಗೋ" ಎಂದು ಎಸೆಯುವರು, ಇಮ್ರಾನ್ "ಆಯ್ತಣ್ಣ" ಎಂದು ಹಿಂದಿರುಗಿಸುವನು. ಪಕ್ಕದ ಸ್ಟೂಲಿನಲ್ಲಿ ಕೂತ ಸುಂಕಮ್ಮನಿಗೆ ಏನೂ ಕಾಣುತ್ತಿರಲಿಲ್ಲ, ಆದರೂ ಪ್ರತಿ "ಇದಿಗೋ"ಗೆ ಅವರ ಬಲಗೈ ಮಡಿಲಲ್ಲೇ ಒಂದಿಷ್ಟು ಅಲುಗುತ್ತಿತ್ತು. 

ಮೊದಲ ವಾರ ನಲವತ್ತು ಚೆಂಡಿನಲ್ಲಿ ಎಂಟು ಹಿಡಿದಿದ್ದರು. ಏಳನೇ ವಾರಕ್ಕೆ ಮೂವತ್ತೊಂದು. ಚೆಂಡಿನ ದೂರ, ವೇಗ, ಎತ್ತರ ಎಲ್ಲವನ್ನೂ ಅವರ ಕೈಗೆ ತಕ್ಕಂತೆ ದಿನದಿನವೂ ತಿದ್ದಿ ಅವರ ಖಾತೆಯಲ್ಲಿ ಉಳಿಸಿದ್ದೆ. ಬೆಲ್ಟ್ ಬಿಚ್ಚಿದರೂ ಕಂಟ್ರೋಲರ್ ಕೈಯಲ್ಲಿ ನಿಲ್ಲತೊಡಗಿತ್ತು. ಹೆಬ್ಬೆರಳು ಮತ್ತು ತೋರುಬೆರಳು ಕೂಡಿಸಿ ಚಿಟಿಕೆ ಹಿಡಿಯುವುದು ಇನ್ನೂ ಬಂದಿರಲಿಲ್ಲ. ಹರಿದ ಎಳೆಯನ್ನು ಗಂಟು ಹಾಕಲು ಅದು ಬೇಕೇ ಬೇಕು. ಮುಂದಿನ ತಿಂಗಳು ಅದೇ ಕೆಲಸ ಎಂದುಕೊಂಡಿದ್ದೆ.

ಆ ವಾರವೇ ಸುದ್ದಿ ಬಂತು. ಇಮ್ರಾನ್ ಎಣ್ಣೆ ಮೆತ್ತಿದ ಕೈಯಲ್ಲೇ ಕ್ಲಿನಿಕ್ಕಿಗೆ ಬಂದು ಕುಕ್ಕರಿಸಿದ. "ಮಾರ್ಬಿಟ್ರು ಆಪಾ" ಎಂದ. ನಮ್ಮಲ್ಲಿ ಅಕ್ಕನಿಗೆ ಆಪಾ ಎನ್ನುತ್ತೇವೆ. ಆ ಒಂಬತ್ತು ಜನರ ಕಂಪನಿಯನ್ನು, ಪ್ರಪಂಚದ ಅರ್ಧ ಜನರ ಫೋನಿನಲ್ಲಿ ಕೂತಿರುವಂಥ ಒಂದು ದೈತ್ಯ ಕಂಪನಿ ಕೊಂಡುಕೊಂಡಿತ್ತು. ಹಳೆಯ ಖಾತೆಗಳು ತಿಂಗಳೊಳಗೆ ಮುಚ್ಚುತ್ತವೆ, ಎಲ್ಲರೂ ನಿಜವಾದ ಹೆಸರು, ಹುಟ್ಟಿದ ದಿನ, ಫೋನ್ ನಂಬರ್ ಕೊಟ್ಟು ದೈತ್ಯ ಕಂಪನಿಯ ಖಾತೆ ತೆರೆಯಬೇಕು, ಇಲ್ಲದಿದ್ದರೆ ಹೆಡ್‌ಸೆಟ್ ತೆರೆಯುವುದಿಲ್ಲ ಎಂದು ಪ್ರಕಟಣೆ.

ಗೇಮರುಗಳು ಉರಿದೆದ್ದರು. ಕೆಲವರು ಹೆಡ್‌ಸೆಟ್ಟನ್ನು ಸುತ್ತಿಗೆಯಿಂದ ಒಡೆದು ವಿಡಿಯೋ ಹಾಕಿದರು. ನಾವು ವರ್ಷಗಟ್ಟಲೆ ಪುಕ್ಕಟೆಯಾಗಿ ದೋಷ ಹುಡುಕಿಕೊಟ್ಟೆವು, ಕಂಪನಿಯ ಜೊತೆ ನಮ್ಮನ್ನೂ ಸೇರಿಸಿ ಮಾರಿದರು ಎಂಬುದು ಅವರ ಸಂಕಟ. ಇಮ್ರಾನ್ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನನಗೂ ಮೈ ಉರಿಯಿತು. ಕಣ್ಣು ಎತ್ತ ಹೊರಳುತ್ತದೆ, ಕೈ ಎಷ್ಟು ನಡುಗುತ್ತದೆ ಎಂಬುದನ್ನೆಲ್ಲ ಈ ಡಬ್ಬಿ ಅಳೆಯುತ್ತದೆ. ನನ್ನ ರೋಗಿಗಳ ಕೈ ನಡುಕ ಯಾವುದೋ ಜಾಹೀರಾತು ಕಂಪನಿಗೆ ಯಾಕೆ ಗೊತ್ತಾಗಬೇಕು? ಬಾಯಿಗೆ ಬಂದದ್ದನ್ನೆಲ್ಲ ಅವರ ಪುಟದಲ್ಲಿ ಬರೆದೆ. ಆ ಸಿಟ್ಟು ತಪ್ಪು ಎಂದು ನಾನು ಇವತ್ತಿಗೂ ಹೇಳುವುದಿಲ್ಲ.

ಆಟಗಾರರ ಗುಂಪು ಒಂದು ಉಪಾಯ ಹೂಡಿತು. ನಿಜವಾದ ಹೆಸರು ಬೇಕೇ? ಸುಳ್ಳು ಹೆಸರಿನ ಖಾತೆಗಳನ್ನು ಸಾವಿರಗಟ್ಟಲೆ ತೆರೆದು ಅವರ ಪುಸ್ತಕವನ್ನೇ ಕೆಡಿಸೋಣ. ಗ್ಯಾರೇಜಿನ ಇಂಟರ್ನೆಟ್ ನಿಧಾನ. ಒಂದು ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಇಮ್ರಾನ್ ಮತ್ತು ಅವನ ಇಬ್ಬರು ಗೆಳೆಯರು ನನ್ನ ಕ್ಲಿನಿಕ್ಕಿಗೆ ಬಂದರು. ವೈಫೈ ಪಾಸ್‌ವರ್ಡ್ ಕೊಟ್ಟವಳು ನಾನೇ. ಗೇರ್‌ಬಾಕ್ಸ್ ಸಾಬ್, ಕ್ಲಚ್‌ಪ್ಲೇಟ್ ಬಾಷಾ ಎಂದು ಅರವತ್ತು ಖಾತೆ ತೆರೆದರು. ನಗುತ್ತ ನಗುತ್ತ ನಾನೂ ನಾಲ್ಕು ತೆರೆದೆ. ಡೀಸೆಲ್ ಬೀ ಎಂಬಾಕೆ ನನ್ನ ಸೃಷ್ಟಿ.

ಹುಟ್ಟಿದ ದಿನ ಕೇಳಿದಾಗೆಲ್ಲ ನಾವು ಹಾಕಿದ್ದು ಜೂನ್ ಒಂದು. ಯಾರೂ ಯೋಚಿಸಿ ಹಾಕಿದ್ದಲ್ಲ, ಬೆರಳು ತಾನಾಗಿ ಹೋಯಿತು. ನಮ್ಮ ಕಡೆಯ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಳ್ಳುತ್ತಿದ್ದ ದಿನ ಅದು. ಅಲ್ಲಿಂದ ಅದು ರೇಷನ್ ಕಾರ್ಡಿಗೆ ಬಂತು, ಆಧಾರಿಗೆ ಬಂತು. ನನ್ನ ಆಧಾರಿನಲ್ಲೂ ಅದೇ ದಿನ. ನಮ್ಮಮ್ಮನನ್ನು ಕೇಳಿದರೆ ನಾನು ಹುಟ್ಟಿದ್ದು ಮೊಹರಂ ತಿಂಗಳ ಚಳಿಯಲ್ಲಿ.

ಅದಾದ ಮೂರನೇ ದಿನ, ಸೋಮವಾರ, ನಾನು ಇನ್ನೊಂದು ಕೆಲಸ ಮಾಡಿದೆ. ಚಿಕಿತ್ಸೆ ನಿಲ್ಲಬಾರದಲ್ಲ. ಹೆಡ್‌ಸೆಟ್ ಬಳಸುತ್ತಿದ್ದ ಹನ್ನೊಂದು ರೋಗಿಗಳಿಗೂ, ಅವರವರನ್ನು ಕೇಳಿಕೊಂಡು, ದೈತ್ಯ ಕಂಪನಿಯ ಖಾತೆ ತೆರೆದೆ. ಎಲ್ಲರ ಹೆಸರೂ ನಿಜ, ಎಲ್ಲ ವಿವರವೂ ಆಧಾರ್ ನೋಡಿ ತುಂಬಿದ್ದು. ಹನ್ನೊಂದರಲ್ಲಿ ಎಂಟು ಜನ ಜೂನ್ ಒಂದರಂದು ಹುಟ್ಟಿದವರು. ಹನ್ನೊಂದಕ್ಕೂ ನನ್ನ ಒಂದೇ ಫೋನು, ಅದೇ ವೈಫೈ. ಶುಕ್ರವಾರ ಬೈದ ಬಾಗಿಲನ್ನೇ ಸೋಮವಾರ ತಟ್ಟುತ್ತಿದ್ದೇನೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಬುಧವಾರ ಮೂರು ಗಂಟೆಗೆ ಪೆನ್ನಪ್ಪನವರು ಹೆಡ್‌ಸೆಟ್ ಹಾಕಿಕೊಂಡರು. ಸ್ವಲ್ಪ ಹೊತ್ತು ಅತ್ತಿತ್ತ ತಲೆ ತಿರುಗಿಸಿದರು.

"ಕತ್ಲು ಐತೆ ಡಾಕ್ಟ್ರಮ್ಮ. ಬರೀ ಇಂಗ್ಲಿಷ್ ಅಕ್ಷರ ಬಂದೈತೆ. ಏನಂತೆ ಓದ್ರಿ."

ತೆಗೆದು ನನ್ನ ಕಣ್ಣಿಗಿಟ್ಟುಕೊಂಡೆ. ಓದಿದ್ದನ್ನು ಯೋಚಿಸದೆ ಹಾಗೇ ಕನ್ನಡದಲ್ಲಿ ಹೇಳಿಬಿಟ್ಟೆ. "ಈ ಖಾತೆ ನಿಜವಾದ ಮನುಷ್ಯರದ್ದಲ್ಲ, ಆದ್ದರಿಂದ ಮುಚ್ಚಲಾಗಿದೆ. ಈ ಉಪಕರಣವನ್ನೂ ನಿಲ್ಲಿಸಲಾಗಿದೆ."

ಪೆನ್ನಪ್ಪನವರು ತಮ್ಮ ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. "ನಿಜವಾದ ಮನುಷ್ಯ ಅಲ್ವಂತಾ ನಾನು?" ಎಂದರು. 

ಆ ದಿನವೆಲ್ಲ ಕಂಪನಿಯನ್ನೇ ಬೈದೆ. ಸಂಜೆ ಕ್ಲಿನಿಕ್ ಗುಡಿಸುವಾಗ ತಲೆಗೆ ಹೊಳೆಯಿತು. ಸುಳ್ಳು ಖಾತೆಗಳನ್ನು ಹಿಡಿಯಲು ಅವರು ಏನು ನೋಡಿರಬಹುದು? ಒಂದೇ ವೈಫೈ, ಒಂದೇ ವಾರ, ಒಂದೇ ಹುಟ್ಟಿದ ದಿನ. ಗೇರ್‌ಬಾಕ್ಸ್ ಸಾಬಿಗೂ ಪೆನ್ನಪ್ಪನವರಿಗೂ ಯಂತ್ರದ ಕಣ್ಣಿಗೆ ಏನು ವ್ಯತ್ಯಾಸ? ಹನ್ನೊಂದೂ ಖಾತೆ ಹೋಗಿದ್ದವು, ಅದೇ ವೈಫೈ ಬಳಸಿದ್ದ ಇಮ್ರಾನನ ಸ್ವಂತ ಖಾತೆಯೂ ಹೋಗಿತ್ತು. ಪೊರಕೆ ಹಿಡಿದು ನಿಂತಲ್ಲೇ ನನ್ನ ಮೇಲೆ ನನಗೆ ಅಸಹ್ಯವಾಯಿತು.

ಹಳೆಯ ಒಂಬತ್ತು ಜನರಿಗೆ ಮೇಲ್ ಕಳಿಸಿದೆ. ಆ ವಿಳಾಸಗಳೇ ಇಲ್ಲ ಎಂದು ವಾಪಸ್ ಬಂತು. ದೈತ್ಯ ಕಂಪನಿಗೆ ಆಧಾರ್ ಪ್ರತಿ ಕಳಿಸಿ ಮನವಿ ಮಾಡಿದೆ. ಎರಡು ದಿನದ ಮೇಲೆ ಉತ್ತರ ಬಂತು. ಈ ಜಾಗದಿಂದ ತೆರೆದ ಸುಳ್ಳು ಖಾತೆಗಳ ಪೂರ್ತಿ ಪಟ್ಟಿ, ಅವನ್ನು ತೆರೆದವರ ಹೆಸರು ಕೊಟ್ಟರೆ ಪರಿಶೀಲಿಸುತ್ತೇವೆ.

ನನ್ನ ನಾಲ್ಕು ನನಗೆ ಗೊತ್ತು. ಅರವತ್ತರ ಪಟ್ಟಿ ಇದ್ದದ್ದು ಇಮ್ರಾನನ ಹತ್ತಿರ.

"ನಾ ಬರೆಯಲ್ಲ ಆಪಾ" ಎಂದ. "ಗೆಳೆಯರ ಹೆಸ್ರು ಬರ್ದು ಕೊಡಾದು ಮುಖ್‌ಬಿರ್ ಕೆಲ್ಸ." ಮುಖ್‌ಬಿರ್ ಎಂದರೆ ಪೊಲೀಸರಿಗೆ ಸುದ್ದಿ ಮುಟ್ಟಿಸುವವನು.

"ಹಂಗಾದ್ರೆ ಅವ್ರ ಕೈ?"

"ಕೈ ಕಿತ್ಕಂಡಿದ್ದು ಕಂಪ್ನಿ. ನಾನಲ್ಲ."

"ದಾರಿ ತೋರ್ಸಿದ್ದು ನಾವು" ಎಂದೆ. ಅವನು ಬೈಕ್ ಸ್ಟಾರ್ಟ್ ಮಾಡಿ ಹೋಗಿಬಿಟ್ಟ. ನಾಲ್ಕು ದಿನ ನನ್ನ ಫೋನ್ ಎತ್ತಲಿಲ್ಲ. ನನಗೆ ದಿನ ಎಣಿಸುವುದೇ ಕೆಲಸವಾಯಿತು, ಯಾಕೆಂದರೆ ಆ ಕೈಗೆ ಉಳಿದ ಒಳ್ಳೆಯ ದಿನಗಳು ಎಷ್ಟು ಎಂದು ನನಗೆ ಗೊತ್ತಿತ್ತು.

ಐದನೇ ದಿನ ಇಮ್ರಾನ್ ಕ್ಲಿನಿಕ್ಕಿಗೆ ಬಂದಾಗ ಪೆನ್ನಪ್ಪ ದಂಪತಿ ಅಲ್ಲೇ ಇದ್ದರು. ನಾನು ನಿಜ ಚೆಂಡು ಕೊಟ್ಟು ವ್ಯಾಯಾಮ ಮಾಡಿಸುತ್ತಿದ್ದೆ, ಅವರಿಗೆ ಮನಸ್ಸಿರಲಿಲ್ಲ. ಇಮ್ರಾನನ ದನಿ ಕೇಳಿ ಪೆನ್ನಪ್ಪನವರ ಮುಖ ಅರಳಿತು. ಆವರೆಗೆ ಇಬ್ಬರೂ ಹೊರಗೆ ಮುಖಾಮುಖಿ ಆಗಿದ್ದೇ ಎರಡು ಸಲ.

"ಯಾಕ್ ತಮ್ಮ, ಆ ಕಡೆಯಿಂದ ಚೆಂಡೇ ಬರ್ತಿಲ್ಲ?"

ಇಮ್ರಾನ್ ನನ್ನ ಮುಖ ನೋಡಿದ. ಇನ್ನು ಮುಚ್ಚಿಡಲಾಗಲಿಲ್ಲ. ಶುಕ್ರವಾರದ ಅರವತ್ತು, ನನ್ನ ನಾಲ್ಕು, ಜೂನ್ ಒಂದು, ಎಲ್ಲವನ್ನೂ ನಾನೇ ಹೇಳಿದೆ.  ಸುಂಕಮ್ಮ ಸೆರಗು ಸರಿಮಾಡಿಕೊಂಡರು.

"ನಿಮ್ ಸಿಟ್ಟು ಸರಿ ಇದ್ದೀತು ತಾಯಿ. ನಂಗೆ ಅದೆಲ್ಲ ತಿಳಿಯಾಕಿಲ್ಲ. ಆದ್ರೆ ನೀವು ಸಿಟ್ಟು ಮಾಡ್ಕಂಡಾಗ ಇವ್ರ ಕೈ ನಿಮ್ ಕೈಯಾಗೆ ಇತ್ತಲ್ಲ."

ಇಷ್ಟು ವರ್ಷದ ವೃತ್ತಿಯಲ್ಲಿ ನನ್ನನ್ನು ಯಾರೂ ಹೀಗೆ ಬೈದಿಲ್ಲ. ಅವರು ದನಿಯನ್ನೂ ಏರಿಸಿರಲಿಲ್ಲ.

ಇಮ್ರಾನ್ ಆ ಸಂಜೆಯೇ ಇಬ್ಬರು ಗೆಳೆಯರನ್ನು ಕೇಳಿ ಒಪ್ಪಿಸಿ ಪಟ್ಟಿ ಬರೆದು ಕಳಿಸಿದ. ಅದನ್ನು ತಾನೇ ಆಟಗಾರರ ಗುಂಪಿಗೂ ತಿಳಿಸಿದ. ದೈತ್ಯನಿಗೆ ಮಾರಿಕೊಂಡವನು ಎಂದು ಅವರು ಅವನನ್ನು ಹೊರಗೆ ಹಾಕಿದರು. ಐದು ವರ್ಷದಿಂದ ಅವನ ಮಾತಿಗೆ ತಲೆದೂಗುತ್ತಿದ್ದವರು ಅವರು. ಅವನು ಗ್ಯಾರೇಜಿನ ಬಾಗಿಲಲ್ಲಿ ನಿಂತು ಅದನ್ನು ನನಗೆ ಹೇಳಿ, ಒಳಗಡೆ ಮುಖ ತಿರುಗಿಸಿಕೊಂಡು ಅತ್ತ.

ಇತ್ತ ಪೆನ್ನಪ್ಪನವರು ಬರುವುದನ್ನೇ ನಿಲ್ಲಿಸಿದರು. ಫೋನ್ ಮಾಡಿದರೆ ಸುಂಕಮ್ಮ, "ಮನುಷ್ಯನೇ ಅಲ್ಲ ಅಂದ್ಮೇಲೆ ಯಾತರ ಕೈ ಅಂತ ಮಕ್ಕಂಡವ್ರೆ" ಎಂದರು. ನಾನು ಎರಡು ಸಲ ಮೊಳಕಾಲ್ಮೂರಿಗೆ ಹೋಗಿ ಬಂದೆ. ಅವರು ಗೋಡೆಗೆ ಮುಖ ಮಾಡಿ ಮಲಗಿದ್ದರು, ಏಳಲಿಲ್ಲ. ಹೀಗೆ ಮೂರು ವಾರ ಹೋಯಿತು. ಕೊನೆಗೆ ಎಬ್ಬಿಸಿದ್ದು ಇಮ್ರಾನ್. ಒಂದು ಭಾನುವಾರ ಬೈಕಿನಲ್ಲಿ ಹೋಗಿ, ಅವರ ಮಂಚದ ಎದುರು ನೆಲದ ಮೇಲೆ ಕೂತು, ಒಂದು ರಬ್ಬರ್ ಚೆಂಡನ್ನು ಅವರ ಕಡೆ ಉರುಳಿಸಿ "ಇದಿಗೋ" ಎಂದನಂತೆ. ಬಹಳ ಹೊತ್ತಿನ ಮೇಲೆ ಚೆಂಡು ವಾಪಸ್ ಬಂತಂತೆ. ಆಮೇಲೆ ಅವನು ಪ್ರತಿ ಭಾನುವಾರ ಹೋದ, ವಾರದ ದಿನ ನಾನು ಹೋದೆ.

ತೋಳು, ಮೊಣಕೈ, ಮುಷ್ಟಿ ಚೆನ್ನಾಗಿ ಬಂದವು. ಎಸೆಯುತ್ತಿದ್ದರು, ಹಿಡಿಯುತ್ತಿದ್ದರು. ಚಿಟಿಕೆ ಬರಲಿಲ್ಲ. ಆ ಮೂರು ವಾರ ಕಳೆದುಹೋಗದಿದ್ದರೆ ಬರುತ್ತಿತ್ತೇ? ಖಂಡಿತವಾಗಿ ಹೇಳಲಾರೆ. ಇಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳಲೂ ಆಗಿಲ್ಲ. ಹರಿದ ಎಳೆ ಗಂಟು ಹಾಕಲಾಗದವರು ಗುಂಡಿಯಲ್ಲಿ ಕೂತು ನೇಯುವಂತಿಲ್ಲ ಎಂದು ಅವರ ಮಗ್ಗದ ಮುಂದೆಯೇ ನಾನು ಹೇಳಬೇಕಾಯಿತು.

ಸುಂಕಮ್ಮ ಸ್ವಲ್ಪ ಹೊತ್ತು ಮಗ್ಗವನ್ನೇ ನೋಡಿದರು. "ಜಾಗ ಬದ್ಲಾಯಿಸ್ಕಂಡ್ರೆ?" ಎಂದರು.

ಪೆನ್ನಪ್ಪನವರು ಎದ್ದು ಹೊರಗೆ ಹೋದರು. ಹೆಂಡತಿ ನೇಕಾರಳಾಗಿ ತಾನು ಪಕ್ಕಕ್ಕೆ ಕೂರುವುದು ಆ ಬೀದಿಯಲ್ಲಿ ಸಣ್ಣ ಮಾತಲ್ಲ. ಹತ್ತು ದಿನ ಅವರು ಮಗ್ಗದ ಕೋಣೆಗೆ ಕಾಲಿಡಲಿಲ್ಲ. ಹನ್ನೊಂದನೆಯ ದಿನ ಒಳಗೆ ಬಂದು, ಯಾರನ್ನೂ ನೋಡದೆ, ಸುಂಕಮ್ಮನ ಹಳೆಯ ಜಾಗದಲ್ಲಿ ಕೂತರಂತೆ. ನಾನು ಮುಂದಿನ ಸಲ ಹೋದಾಗ ಗುಂಡಿಯಲ್ಲಿ ಸುಂಕಮ್ಮ ಇದ್ದರು. "ಇದಿಗೋ" ಎನ್ನುತ್ತಿದ್ದವರು ಈಗ ಅವರು.

ದೈತ್ಯ ಕಂಪನಿಯ ಉತ್ತರ ಬಂದಾಗ ಎರಡು ತಿಂಗಳು ಕಳೆದಿತ್ತು. ಒಂದೇ ಸಾಲು. ನಿಮ್ಮ ಮನವಿ ಪರಿಶೀಲಿಸಿದ್ದೇವೆ, ತೀರ್ಮಾನದಲ್ಲಿ ಬದಲಾವಣೆ ಇಲ್ಲ. ಹೆಡ್‌ಸೆಟ್ ಈಗಲೂ ನನ್ನ ಬೀರುವಿನಲ್ಲಿದೆ. ಬೀಗದ ಕೈ ನನ್ನಲ್ಲಿಲ್ಲದ ಯಾವ ಯಂತ್ರವನ್ನೂ ಪೂರ್ತಿ ನಂಬಿ ಆಮೇಲೆ ನಾನು ಒಬ್ಬ ರೋಗಿಯ ಚಿಕಿತ್ಸೆಯನ್ನೂ ನಡೆಸಿಲ್ಲ. ಈ ಕೆಲಸ ನನಗೆ ಕಲಿಸಿದ ಇನ್ನೊಂದು ಪಾಠ ಅದಕ್ಕಿಂತ ಕಷ್ಟದ್ದು. ನನ್ನ ಸಿಟ್ಟು ಎಷ್ಟೇ ನ್ಯಾಯದ್ದಾಗಿರಲಿ, ಅದನ್ನು ಹೊರಗೆ ಬಿಡುವ ಮೊದಲು ನನ್ನ ಕೈಯಲ್ಲಿ ಯಾರ ಕೈ ಇದೆ ಎಂದು ನೋಡಿಕೊಳ್ಳಬೇಕು. ಬೈಯುವುದನ್ನು ಬಿಟ್ಟಿಲ್ಲ, ಸುಳ್ಳು ಹೇಳಬಾರದು. ಆದರೆ ಬೈಯುವ ಮುಂಚೆ ಒಮ್ಮೆ ಕೆಳಗೆ ನೋಡುತ್ತೇನೆ.

ಕಳೆದ ವರ್ಷ ಇಬ್ಬರೂ ಕ್ಲಿನಿಕ್ಕಿಗೆ ಬಂದಿದ್ದರು, ಸುಂಕಮ್ಮನ ಸೊಂಟ ನೋವಿಗೆ. ಗುಂಡಿಯಲ್ಲಿ ಕೂರುವವರಿಗೆ ಬರುವ ನೋವು. ಹೊರಡುವಾಗ ಪೆನ್ನಪ್ಪನವರು ಬಾಗಿಲಲ್ಲಿ ನಿಂತರು.

"ಡಾಕ್ಟ್ರಮ್ಮ, ಅವ್ರ ಪುಸ್ತಕದಾಗೆ ನಾನಿನ್ನೂ ಮನುಷ್ಯ ಅಲ್ವಾ?"

"ಅಲ್ಲಂತೆ" ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ನಿಮ್ ಪುಸ್ತಕದಾಗೆ?"

ನಾನು ರೋಗಿಗಳ ರಿಜಿಸ್ಟರ್ ತೆಗೆದೆ. ಪೆನ್ನಪ್ಪ, ಮೊಳಕಾಲ್ಮೂರು, ಬಲಗೈ, ಹುಟ್ಟಿದ ದಿನ ಜೂನ್ ಒಂದು. ನನ್ನದೇ ಅಕ್ಷರ. ಪೆನ್ನು ಕೈಯಲ್ಲಿ ಹಿಡಿದು, ನೀವು ನಿಜವಾಗಿ ಹುಟ್ಟಿದ್ದು ಯಾವಾಗ ಎಂದು ಕೇಳಿದೆ. ಇಷ್ಟು ವರ್ಷದಲ್ಲಿ ಯಾವ ರೋಗಿಯನ್ನೂ ಹಾಗೆ ಕೇಳಿರಲಿಲ್ಲ. ಅವರಿಗೆ ಗೊತ್ತಿರಲಿಲ್ಲ. ಸುಂಕಮ್ಮ ಹೇಳಿದರು.

"ಶೇಂಗಾ ಕೀಳೋ ಕಾಲ ಅಂತಿದ್ರು ನಮ್ಮತ್ತೆ. ಕಿತ್ತ ಬಳ್ಳಿ ಹೊಲದಾಗೇ ಇತ್ತಂತೆ, ಹೊತ್ತು ನೆತ್ತಿಗೆ ಬಂದಿತ್ತಂತೆ."

ಜೂನ್ ಒಂದನ್ನು ಹೊಡೆದುಹಾಕಿ ಅದನ್ನೇ ಬರೆದೆ. ಪೆನ್ನಪ್ಪನವರು ಬಗ್ಗಿ ನೋಡಿ, ಓದಿಸಿ ಕೇಳಿಕೊಂಡು, ಬಲಗೈಯನ್ನು ಆ ಸಾಲಿನ ಮೇಲೆ ಸ್ವಲ್ಪ ಹೊತ್ತು ಇಟ್ಟರು. ಹೆಬ್ಬೆರಳು ಇನ್ನೂ ಮಡಚುತ್ತಿರಲಿಲ್ಲ.